ಹಳೆಯ ಚುರುಕು ಕಾರು ಕೊಳ್ಳುವ ಮುನ್ನ

ಮುಂಬಯಿಯಲ್ಲೋ ಪುಣೆಯಲ್ಲೋ ಹುಟ್ಟಿ ಬೆಳೆದು, ಈಗಷ್ಟೇ ಸ್ವಂತ ಸಂಬಳ ಎಣಿಸತೊಡಗಿರುವ ತರುಣ ತರುಣಿಯರೇ, ಈ ಲೇಖನ ನಿಮಗಾಗಿ. ಸಂಘದ ಕಾರ್ಯಕ್ರಮ ಮುಗಿದು ಹಿರಿಯರೆಲ್ಲ ಉಪಾಹಾರದ ಸಾಲಿನಲ್ಲಿ ನಿಂತಿರುವಾಗ ನೀವು ಮಾತ್ರ ಹೊರಗೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಗುಂಪುಗೂಡಿ ಏನು ಮಾತಾಡುತ್ತೀರೆಂದು ನಮಗೂ ಗೊತ್ತು. ಸ್ವಿಫ್ಟ್, ಪೋಲೋ, ಟರ್ಬೊ, ಪಿಕಪ್ - ಇವೇ ತಾನೇ? ಹೊಸದು ಕೊಳ್ಳಲು ದುಡ್ಡು ಸಾಲದು, ಸಾಧಾರಣ ಕಾರಿಗೆ ಮನಸ್ಸು ಒಪ್ಪದು. ಆದ್ದರಿಂದ ಎಂಟು ಹತ್ತು ವರ್ಷ ಹಳೆಯದಾದರೂ ಸರಿ, ಕಾಲಿಟ್ಟ ಕೂಡಲೇ ಮುನ್ನುಗ್ಗುವ ಒಂದು ಚಿಕ್ಕ ಕಾರು ಬೇಕು ಎನ್ನುವುದು ನಿಮ್ಮ ಆಸೆ.

ಈ ಮಾತು ಮನೆಯಲ್ಲಿ ಎತ್ತಿದ ದಿನ ಎರಡು ಪಕ್ಷಗಳಾಗುತ್ತವೆ. ಅಪ್ಪನ ಪ್ರಕಾರ ಹಳೆಯ ಕಾರು ಎಂದರೆ ಬೇರೆಯವರ ತಲೆನೋವನ್ನು ದುಡ್ಡು ಕೊಟ್ಟು ತರುವುದು. ನಿಮ್ಮ ಪ್ರಕಾರ ಹೊಸ ಕಾರು ಎಂದರೆ ಐದು ವರ್ಷ ಕಂತು ಕಟ್ಟುತ್ತಾ ಮನಸ್ಸಿಗೊಪ್ಪದ ಗಾಡಿ ಓಡಿಸುವುದು. ಎರಡರಲ್ಲೂ ಸತ್ಯವಿದೆ. ಹಾಗಾಗಿ 'ಬೇಡ' ಎನ್ನುವ ಒಂದೇ ಮಾತಿನಿಂದ ಈ ಜಗಳ ಬಗೆಹರಿಯುವುದಿಲ್ಲ. ನಮ್ಮ ಮನೆಯಲ್ಲೂ ಬಗೆಹರಿಯಲಿಲ್ಲ. ಕೊನೆಗೆ ಮಗನ ಜೊತೆ ನಾನೇ ಕಾರು ನೋಡಲು ಹೊರಟೆ. ನಾಲ್ಕು ತಿಂಗಳು ಓಡಾಡಿ, ಹನ್ನೊಂದು ಕಾರು ನೋಡಿ, ಮೆಕ್ಯಾನಿಕ್ಕರ, ಆರ್.ಟಿ.ಓ. ಗುಮಾಸ್ತರ, ವಿಮೆಯವರ ಬೆನ್ನು ಹತ್ತಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಊರ ಕಡೆ ರೈತ ಎತ್ತು ಕೊಳ್ಳಲು ಜಾತ್ರೆಗೆ ಹೋದರೆ ಸುಳಿ ನೋಡುತ್ತಾನೆ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊಂಬಿನ ಬಣ್ಣಕ್ಕೂ ಗೊಂಡೆಗೂ ಮರುಳಾಗುವುದಿಲ್ಲ. ನೀವು ಮಾಡಬೇಕಾದ್ದೂ ಅಷ್ಟೇ.

ಯಾವ ಕಾರು?

ನಮ್ಮ ದೇಶದಲ್ಲಿ ಚಿಕ್ಕ ಕಾರು ಚುರುಕಾಗಿಯೂ ಇರಬಹುದು ಎಂಬ ರುಚಿ ಹತ್ತಿಸಿದವು ಕೆಲವೇ ಕೆಲವು. 2001ರಲ್ಲಿ ಬಂದ ಫಿಯಟ್ ಪಾಲಿಯೊ 1.6 ಅವುಗಳಲ್ಲಿ ಒಂದು. ಅದರ ಎಸ್10 ಮಾದರಿ ಸಚಿನ್ ತೆಂಡೂಲ್ಕರ್ ಹೆಸರಿನೊಂದಿಗೆ ಬಂದಿತ್ತು. 2005ರ ಮೇ ತಿಂಗಳಲ್ಲಿ ಮಾರುತಿ ಸ್ವಿಫ್ಟ್ 1.3 ಲೀಟರ್ ಪೆಟ್ರೋಲ್ ಇಂಜಿನ್ನಿನೊಂದಿಗೆ ಬಂದಾಗ ಮಧ್ಯಮ ವರ್ಗದ ಮನೆಗೂ ಈ ಸುಖ ದಕ್ಕಿತು. ಪುಣೆಯ ಪಕ್ಕದ ಚಾಕಣ್‌ನಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಪೋಲೋ 2010ರಲ್ಲಿ ಬಂತು; ಅದರ ಜಿ.ಟಿ. ಟಿ.ಎಸ್.ಐ. ಮಾದರಿ, 105 ಅಶ್ವಶಕ್ತಿಯ 1.2 ಲೀಟರ್ ಟರ್ಬೊ ಇಂಜಿನ್ ಹೊತ್ತು 2013ರಲ್ಲಿ ಬಂತು. 2015ರಲ್ಲಿ ಅಬಾರ್ಥ್ ಪುಂಟೊ 145 ಅಶ್ವಶಕ್ತಿಯೊಂದಿಗೆ ಬಂತು. 2017ರಲ್ಲಿ ಮಾರುತಿ ಬಲೆನೊ ಆರ್.ಎಸ್., 2018ರಲ್ಲಿ ಟಾಟಾ ಟಿಯಾಗೊ ಜೆ.ಟಿ.ಪಿ., 2021ರಲ್ಲಿ ಹ್ಯುಂಡೈ ಐ20 ಎನ್ ಲೈನ್ ಇದೇ ಸಾಲಿಗೆ ಸೇರಿದವು.

ಹೆಸರುಗಳನ್ನು ಓದುವಾಗಲೇ ನಿಮ್ಮ ಕಣ್ಣು ಅಬಾರ್ಥ್ ಮೇಲೆ ನೆಟ್ಟಿರಬಹುದು. ಆದರೆ ಮೊದಲ ಕಾರು ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ವೇಗ?' ಅಲ್ಲ, 'ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ?' ಎಂಬುದು. ಫಿಯಟ್ ಹೆಸರಿನ ಕಾರುಗಳ ಮಾರಾಟ ನಮ್ಮಲ್ಲಿ ನಿಂತೇ ಹೋಗಿದೆ. ಫೋರ್ಡ್ ಕಂಪನಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಪೋಲೋ ತಯಾರಿಕೆ 2022ರಲ್ಲಿ ನಿಂತಿತು. ಆದರೆ ಕಂಪನಿ ಇಲ್ಲೇ ಇರುವುದರಿಂದ ಸರ್ವಿಸ್‌ಗೆ ತೊಂದರೆಯಿಲ್ಲ, ಖರ್ಚು ಮಾತ್ರ ಹೆಚ್ಚು. ಸ್ವಿಫ್ಟ್‌ನ ಬಿಡಿಭಾಗ ಕುರ್ಲಾದಲ್ಲೂ ಸಿಗುತ್ತದೆ, ಕಾರವಾರದಲ್ಲೂ ಸಿಗುತ್ತದೆ. ರಜೆಗೆಂದು ಊರಿಗೆ ಹೊರಟು ನಡುದಾರಿಯಲ್ಲಿ ಗಾಡಿ ನಿಂತರೆ ಈ ವ್ಯತ್ಯಾಸದ ಬೆಲೆ ಅರ್ಥವಾಗುತ್ತದೆ.

ಟರ್ಬೊ ಇಂಜಿನ್ನಿನ ಬಗ್ಗೆ ಒಂದು ಮಾತು. ಟರ್ಬೊ ಎಂದರೆ ಹೊಗೆಯ ರಭಸದಿಂದಲೇ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುವ ಚಕ್ರ. ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ಸುತ್ತುವ ಆ ಚಕ್ರಕ್ಕೆ ಇಂಜಿನ್ ಆಯಿಲೇ ಜೀವ. ಹಿಂದಿನ ಯಜಮಾನರು ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸದಿದ್ದರೆ ಪಾಪ ಅವರದು, ಪ್ರಾಯಶ್ಚಿತ್ತ ನಿಮ್ಮದು. ಪೋಲೋ ಜಿ.ಟಿ. ಟಿ.ಎಸ್.ಐ.ಯ ಡಿ.ಎಸ್.ಜಿ. ಗೇರ್‌ಬಾಕ್ಸ್ ಕೂಡ ಹಾಗೆಯೇ. ಚೆನ್ನಾಗಿದ್ದಾಗ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಗೇರ್ ಬದಲಾಗುತ್ತದೆ; ಅದರ ನಿಯಂತ್ರಣ ಭಾಗವಾದ ಮೆಕಾಟ್ರಾನಿಕ್ ಕೆಟ್ಟರೆ ಖರ್ಚು ಲಕ್ಷ ದಾಟಬಹುದು. ಆದ್ದರಿಂದ ಮೊದಲ ಕಾರಿಗೆ ಕೈಯಿಂದ ಗೇರ್ ಬದಲಿಸುವ, ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಸ್ವಿಫ್ಟ್‌ನಂಥ ಹಗುರ ಕಾರಿನಲ್ಲಿ ಚುರುಕುತನಕ್ಕೇನೂ ಕೊರತೆಯಿಲ್ಲ. ನಿಮಗೆ ಟರ್ಬೊನೇ ಬೇಕೆಂದಾದರೆ ಕಂಪನಿಯ ವರ್ಕ್‌ಶಾಪಿನಲ್ಲಿ ಪೂರ್ತಿ ಸರ್ವಿಸ್ ದಾಖಲೆ ಇರುವ ಕಾರನ್ನಷ್ಟೇ ನೋಡಿ.

ಕೈಯಲ್ಲಿರುವ ದುಡ್ಡು

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಹಳೆಯ ಕಾರಿಗೆ ಹೇಳಿ ಮಾಡಿಸಿದ್ದು. ಕಾರಿನ ಬೆಲೆ ಒಂದು ಲೆಕ್ಕ, ಅದನ್ನು ಮನೆಗೆ ತಂದು ನಿಲ್ಲಿಸುವುದು ಇನ್ನೊಂದು ಲೆಕ್ಕ. ನಾನು ಮಗನಿಗೆ ಹಾಕಿಕೊಟ್ಟ ಸೂತ್ರ ಇಷ್ಟೇ: ಕೈಯಲ್ಲಿ 4 ಲಕ್ಷ ಇದ್ದರೆ 3 ಲಕ್ಷದ ಕಾರು ನೋಡು. ಉಳಿದ ಒಂದು ಲಕ್ಷ ಅದರ ಸಂಗಡ ಬರುವ ಖರ್ಚಿಗೆ.

ಆ ಖರ್ಚು ಯಾವುದು? ಹೆಸರು ಬದಲಾವಣೆ, ವಿಮೆ, ನಾಲ್ಕು ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಎಲ್ಲ ಆಯಿಲು, ಫಿಲ್ಟರುಗಳು. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಾದರೆ, ಅದನ್ನು ಬದಲಿಸಿದ ಪುರಾವೆ ಇಲ್ಲದಿದ್ದಲ್ಲಿ ತಂದ ಕೂಡಲೇ ಬದಲಿಸಬೇಕು. ಓಡುತ್ತಿರುವಾಗ ಅದು ತುಂಡಾದರೆ ಇಂಜಿನ್ನನ್ನೇ ಬಿಚ್ಚಬೇಕಾಗಬಹುದು. ಚುರುಕು ಕಾರುಗಳ ಅಗಲ ಟೈರುಗಳಿಗೆ ಬೆಲೆಯೂ ಹೆಚ್ಚು. ನಾಲ್ಕಕ್ಕೂ ಸೇರಿ 20ರಿಂದ 30 ಸಾವಿರ ಎತ್ತಿಡಿ.

ವಿಮೆಯಲ್ಲೂ ಇಂಜಿನ್ನಿನ ಗಾತ್ರ ನೋಡುತ್ತಾರೆ. ಎದುರಿನವರಿಗೆ ಆದ ಹಾನಿ ತುಂಬುವ, ಕಾನೂನಿನ ಪ್ರಕಾರ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಗೆ 2022ರ ಜೂನ್‌ನಲ್ಲಿ ನಿಗದಿಯಾದ ದರ ಹೀಗಿದೆ: 1000 ಸಿ.ಸಿ. ಒಳಗಿನ ಕಾರಿಗೆ ವರ್ಷಕ್ಕೆ 2,094 ರೂ., 1500 ಸಿ.ಸಿ.ವರೆಗೆ 3,416 ರೂ., ಅದಕ್ಕಿಂತ ಮೇಲೆ 7,897 ರೂ.; ತೆರಿಗೆ ಬೇರೆ. ಅಂದರೆ 1.6 ಲೀಟರಿನ ಹಳೆಯ ಪಾಲಿಯೊಗೆ ಸ್ವಿಫ್ಟ್‌ನ ಎರಡು ಪಟ್ಟಿಗೂ ಹೆಚ್ಚು. 998 ಸಿ.ಸಿ.ಯ ಬಲೆನೊ ಆರ್.ಎಸ್. ಶಕ್ತಿಯಲ್ಲಿ ಪಾಲಿಯೊಗೆ ಸಮವಿದ್ದರೂ ಅತಿ ಕಡಿಮೆ ದರದ ಗುಂಪಿಗೆ ಸೇರುತ್ತದೆ! ಇನ್ನು ನಮ್ಮ ಕಾರಿಗೇ ಆಗುವ ಹಾನಿಯ ವಿಮೆ ಬೇರೆ. ಐದು ವರ್ಷ ದಾಟಿದ ಕಾರಿನ ವಿಮಾ ಮೌಲ್ಯವನ್ನು ನೀವೂ ಕಂಪನಿಯೂ ಮಾತಾಡಿ ಒಪ್ಪಿಕೊಳ್ಳಬೇಕು. ಕಂತು ಕಡಿಮೆಯಾಗಲೆಂದು ಮೌಲ್ಯವನ್ನು ತೀರಾ ಇಳಿಸಿದರೆ, ಕಾರು ಕಳುವಾದ ದಿನ ಕೈಗೆ ಬರುವುದೂ ಅಷ್ಟೇ.

ಚೌಕಾಶಿಗೆ ಒಂದು ಹಿಡಿಗೋಲು: 2025ರ ಸೆಪ್ಟೆಂಬರ್ 22ರಿಂದ ಹೊಸ ಚಿಕ್ಕ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದಾಗ ಹಳೆಯದಕ್ಕೆ ಹಿಂದಿನ ಬೆಲೆಯನ್ನೇ ಕೇಳುವುದು ಯಾವ ನ್ಯಾಯ? ಈ ಮಾತನ್ನು ಮಾರುವವರ ಮುಂದೆ ನಗುನಗುತ್ತಲೇ ಆಡಿ. ಸಾಲ ಮಾಡಿ ಕೊಳ್ಳುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೊಸದರ ಸಾಲಕ್ಕಿಂತ ಹೆಚ್ಚು.

ಹಲ್ಲು ಎಣಿಸುವುದು ಹೀಗೆ

ಕಾರು ನೋಡಲು ಬೆಳಗಿನ ಹೊತ್ತೇ ಹೋಗಿ. ಸಂಜೆಯ ದೀಪದಲ್ಲಿ, ಮಳೆಯಲ್ಲಿ, ತೊಳೆದು ಒದ್ದೆಯಿರುವಾಗ ಯಾವ ಕಾರೂ ಚೆನ್ನಾಗಿಯೇ ಕಾಣುತ್ತದೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ನೀವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿಡಿ.

ಪುಣೆಯಲ್ಲಿ ಒಂದು ಭಾನುವಾರ ಕೆಂಪು ಬಣ್ಣದ ಪೋಲೋ ನೋಡಲು ಹೋಗಿದ್ದೆವು. ಮಗನಿಗೆ ದೂರದಿಂದಲೇ ಮನಸ್ಸು ಸೋತಿತ್ತು. ಮಾರುವವನು ಬಹಳ ವಿನಯವಂತ; "ರಾತ್ರಿಯಿಂದ ಮುಟ್ಟಿಯೇ ಇಲ್ಲ ಆಂಟೀ" ಎಂದ. ನಾನು ಸುಮ್ಮನೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ದೋಸೆ ಹುಯ್ಯುವ ಕಾವಲಿಯಷ್ಟು ಬಿಸಿ! ಬೆಳಿಗ್ಗೆ ಎಂಟು ಗಂಟೆಗೆ, ನೆರಳಿನಲ್ಲಿ ನಿಂತ ಕಾರು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಬಯಲಾಗುವ ಏನೋ ಒಂದನ್ನು ಅದು ಅಡಗಿಸಿಟ್ಟುಕೊಂಡಿತ್ತು. ಅದೇನೆಂದು ತಿಳಿಯುವ ಗೋಜಿಗೆ ನಾವು ಹೋಗಲಿಲ್ಲ. ನಮಸ್ಕಾರ ಹೇಳಿ ಬಂದೆವು. ಮಗ ಲೋಣಾವಳಾ ಬರುವ ತನಕ ನನ್ನ ಜೊತೆ ಮಾತಾಡಲಿಲ್ಲ.

ಸ್ಟಾರ್ಟ್ ಮಾಡುವಾಗ ಒಬ್ಬರು ಹಿಂದೆ ನಿಂತು ಸೈಲೆನ್ಸರಿನ ಹೊಗೆ ನೋಡಲಿ. ಚಳಿಯ ಬೆಳಿಗ್ಗೆ ತುಸು ಬಿಳಿ ಆವಿ ಬಂದು ಮಾಯವಾದರೆ ಚಿಂತೆಯಿಲ್ಲ. ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಇಂಜಿನ್ನಿನ ಒಳಗೆ ಸೇರುತ್ತಿದೆ ಎಂದು ಅನುಮಾನಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಟರ್ಬೊ ಕಾರಾದರೆ ಟರ್ಬೊ ಸವೆದಿರಲೂಬಹುದು. ಕಪ್ಪು ಹೊಗೆ ಎಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಕೀಲಿ ತಿರುಗಿಸಿದಾಗ ಇಂಜಿನ್ನಿನ, ಎ.ಬಿ.ಎಸ್.ನ, ಏರ್‌ಬ್ಯಾಗಿನ ದೀಪಗಳು ಹೊತ್ತಿ ಆಮೇಲೆ ಆರಬೇಕು. ಹೊತ್ತದೆಯೇ ಇದ್ದರೂ ಸಂಶಯವೇ; ಬಲ್ಬನ್ನೇ ಕಿತ್ತಿರಬಹುದು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗೆರೆ ಎಷ್ಟೇ ಆಳವಿರಲಿ, ಆರು ವರ್ಷ ದಾಟಿದ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಒಂದು ಬದಿ ಮಾತ್ರ ಸವೆದಿದ್ದರೆ ಚಕ್ರದ ನೇರ ತಪ್ಪಿದೆ ಅಥವಾ ಕಾರು ಎಲ್ಲೋ ಬಲವಾಗಿ ಬಡಿದಿದೆ.

ಬಾಗಿಲು, ಬಾನೆಟ್, ಡಿಕ್ಕಿಗಳ ಸಂದುಗಳು ಎರಡೂ ಕಡೆ ಒಂದೇ ಅಳತೆಯಲ್ಲಿವೆಯೇ ನೋಡಿ. ಸೀರೆ ಕೊಳ್ಳುವಾಗ ಸೆರಗಿಗೂ ಒಡಲಿಗೂ ಬಣ್ಣ ಹೊಂದುತ್ತದೆಯೇ ಎಂದು ಬಿಸಿಲಿಗೆ ಹಿಡಿದು ನೋಡುವುದಿಲ್ಲವೇ, ಹಾಗೆ ಒಂದೊಂದು ಬಾಗಿಲಿನ ಬಣ್ಣವನ್ನೂ ಬಿಸಿಲಿನಲ್ಲಿ ಹೋಲಿಸಿ. ಬಾನೆಟ್ಟಿನ ಬೋಲ್ಟುಗಳ ಮೇಲಿನ ಬಣ್ಣ ಎದ್ದಿದ್ದರೆ ಅದನ್ನು ಬಿಚ್ಚಿದ್ದಾರೆ. ಚುರುಕು ಕಾರುಗಳು ಹೆಚ್ಚಾಗಿ ಬಿಸಿರಕ್ತದವರ ಕೈಯಲ್ಲಿದ್ದಂಥವು ಎಂಬುದನ್ನು ಮರೆಯಬೇಡಿ. ಬಂಪರಿನ ಗೀರು ದೊಡ್ಡದಲ್ಲ. ಮುಂದಿನ ಚೌಕಟ್ಟಿಗೆ ವೆಲ್ಡಿಂಗ್ ಮಾಡಿದ ಗುರುತು ಕಂಡರೆ ಆ ಕಾರು ನಿಮಗಲ್ಲ.

ನೆರೆನೀರಿನಲ್ಲಿ ಮುಳುಗಿದ ಕಾರು ಇನ್ನೊಂದು ಅಪಾಯ. 2005ರ ಜುಲೈ 26ರಂದು ಮುಂಬಯಿ, 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2023ರ ಡಿಸೆಂಬರ್‌ನಲ್ಲಿ ಮತ್ತೆ ಚೆನ್ನೈ ನೀರಿನಲ್ಲಿ ನಿಂತದ್ದನ್ನು ಕಂಡವರು ನಾವು. ಹಾಗೆ ಮುಳುಗಿದ ಕಾರುಗಳು ಒಣಗಿ, ಹೊಳಪು ಪಡೆದು, ಬೇರೆ ಊರಿನ ಮಾರುಕಟ್ಟೆಗೆ ಬರುವುದುಂಟು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಬಿಟ್ಟುಬಿಡಿ. ಸ್ಟೆಪ್ನಿ ಎತ್ತಿ ಕೆಳಗೆ ನೋಡಿ, ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ, ನೆಲಹಾಸು ಎತ್ತಿ ಮೂಸಿ. ಒಳಗೆಲ್ಲ ಅತಿಯಾದ ಸುಗಂಧ ಸಿಂಪಡಿಸಿದ್ದರೆ ಅದೂ ಒಂದು ಸೂಚನೆಯೇ.

ಮೀಟರು ತೋರಿಸುವ ಕಿಲೋಮೀಟರನ್ನು ವೇದವಾಕ್ಯ ಎಂದುಕೊಳ್ಳಬೇಡಿ. ಮೀಟರು 40 ಸಾವಿರ ಎನ್ನುತ್ತದೆ, ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದೆ, ಸ್ಟೀರಿಂಗಿನ ಚರ್ಮ ಹೊಳೆಯುತ್ತಿದೆ ಎಂದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ರಬ್ಬರಿಗೆ ಸುಳ್ಳು ಬರುವುದಿಲ್ಲ. ಕಂಪನಿಯ ವರ್ಕ್‌ಶಾಪಿನ ಸರ್ವಿಸ್ ದಾಖಲೆಯನ್ನು ಮಾರುವವರಿಂದಲೇ ತರಿಸಿಕೊಂಡು ತಾಳೆ ನೋಡಿ.

ಕೊನೆಗೆ ಓಡಿಸಿ ನೋಡಿ. ಅರ್ಧ ಗಂಟೆಯಾದರೂ ಬೇಕು. ಗಲ್ಲಿ, ಹೆದ್ದಾರಿ, ಏರು ಮೂರೂ ಇರಲಿ. ರೇಡಿಯೊ ಬಂದ್, ಕಿಟಕಿ ತೆರೆದಿರಲಿ. ಬ್ರೇಕ್ ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಾರದು. ಏರಿನಲ್ಲಿ ಇಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಡಿ.ಎಸ್.ಜಿ. ಕಾರಾದರೆ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವಾಗ ಒಂದು, ಎರಡನೆಯ ಗೇರಿನಲ್ಲಿ ಜಗ್ಗುತ್ತದೆಯೇ ಗಮನಿಸಿ. ಇಷ್ಟೆಲ್ಲ ಒಪ್ಪಿಗೆಯಾದ ಮೇಲೂ ನಿಮ್ಮದೇ ನಂಬಿಕೆಯ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು, ಕಾರನ್ನು ಮೇಲೆತ್ತಿಸಿ ಕೆಳಗಿನಿಂದ ನೋಡಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕಿತು.

'ಮಾಡಿಫೈ' ಮಾಡಿದ ಕಾರು ಬೇಡ

ಚುರುಕು ಕಾರುಗಳಲ್ಲಿ ಅನೇಕಕ್ಕೆ ಹಿಂದಿನ ಯಜಮಾನರು ಸದ್ದು ಮಾಡುವ ಸೈಲೆನ್ಸರ್ ಹಾಕಿಸಿರುತ್ತಾರೆ, ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿರುತ್ತಾರೆ, ಇಂಜಿನ್ನಿನ ಗಣಕವನ್ನು ರೀಮ್ಯಾಪ್ ಮಾಡಿಸಿ ಶಕ್ತಿ ಹೆಚ್ಚಿಸಿರುತ್ತಾರೆ. ನಿಮಗೆ ಅದು ಪುಕ್ಕಟೆ ಸಿಕ್ಕ ವರದಂತೆ ಕಾಣಬಹುದು. ಆದರೆ ಕಾರ್ಖಾನೆ ಒಂದು ಗೇರ್‌ಬಾಕ್ಸನ್ನು, ಒಂದು ಕ್ಲಚ್ಚನ್ನು ಇಷ್ಟೇ ಭಾರ ಹೊರಲಿ ಎಂದು ಮಾಡಿರುತ್ತದೆ. ಹೆಚ್ಚಿನ ಭಾರವನ್ನು ಅವು ಎಷ್ಟು ದಿನ ಹೊತ್ತಿವೆಯೋ ಯಾರು ಬಲ್ಲರು?

ಕಾನೂನೂ ಇದಕ್ಕೆ ವಿರುದ್ಧ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ವಿಮೆಯವರಿಗೆ ತಿಳಿಸದ ಬದಲಾವಣೆ ಇದ್ದರೆ ಅಪಘಾತದ ದಿನ ಅವರು ತಕರಾರು ತೆಗೆಯುವುದಕ್ಕೂ ದಾರಿಯಾಗುತ್ತದೆ. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಇರುವ ಕಾರನ್ನು, ಒಬ್ಬರೇ ಯಜಮಾನರ ಕೈಯಲ್ಲಿದ್ದದ್ದನ್ನು ಹುಡುಕಿ. ಸಿಗುತ್ತದೆ, ತಾಳ್ಮೆ ಬೇಕಷ್ಟೇ.

ಕಾಗದಪತ್ರ

ಬೆಳ್ಳಗಿರುವುದೆಲ್ಲ ಹಾಲಲ್ಲ. ಕಾರು ಅಪ್ಪಟವಾಗಿದ್ದು ಕಾಗದ ಅಪ್ಪಟವಾಗಿಲ್ಲದಿದ್ದರೆ ಏನು ಪ್ರಯೋಜನ? ಕೇಂದ್ರ ಸರಕಾರದ ಎಂಪರಿವಾಹನ್ ಆಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ನೋಂದಣಿಯ ದಿನಾಂಕ, ವಿಮೆ, ಮಾಲಿನ್ಯ ಪತ್ರಗಳ ಅವಧಿ ತಿಳಿಯುತ್ತದೆ. ಬಾಕಿ ಇರುವ ದಂಡವನ್ನು ಇ-ಚಲನ್ ತಾಣದಲ್ಲಿ ನೋಡಿ. ವೇಗದ ಕಾರುಗಳಿಗೆ ಕ್ಯಾಮೆರಾ ಬರೆದ ಪತ್ರಗಳು ಕಡಿಮೆಯಿರುವುದಿಲ್ಲ! ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರವೂ 35ನೇ ನಮೂನೆಯೂ ಬೇಕು. ಛಾಸಿ ಸಂಖ್ಯೆ, ಇಂಜಿನ್ ಸಂಖ್ಯೆ ಎರಡನ್ನೂ ಆರ್.ಸಿ.ಯೊಂದಿಗೆ ಕಣ್ಣಾರೆ ತಾಳೆ ನೋಡಿ.

ಹೆಸರು ಬದಲಿಸಲು 29 ಮತ್ತು 30ನೇ ನಮೂನೆಗಳಿಗೆ ಸಹಿ ಬೇಕು. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕೆಂದು ಕಾಯ್ದೆಯ 50ನೇ ಕಲಮು ಹೇಳುತ್ತದೆ. 'ಆಮೇಲೆ ಮಾಡಿದರಾಯಿತು' ಎಂದು ಬಿಡುವವರು ಬಹಳ. ಆದರೆ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಇದರಲ್ಲಿ ಮಾರುವವರ ಹಿತವೂ ಇದೆ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲವಾದರೆ ನಿಮ್ಮ ಕಾರಿಗೆ ಆದ ಹಾನಿಗೆ ಹಣ ಸಿಗುವುದು ಕಷ್ಟ. ಮಾರಿದವರ 'ನೋ ಕ್ಲೇಮ್ ಬೋನಸ್' ಅವರ ಜೊತೆಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ. ವ್ಯಾಪಾರಿಯಿಂದ ಕೊಳ್ಳುವುದಾದರೆ ಅವರ ಬಳಿ ಆರ್.ಟಿ.ಓ. ಕೊಟ್ಟ ಅಧಿಕಾರ ಪತ್ರವಿದೆಯೇ ಕೇಳಿ. 2023ರ ಏಪ್ರಿಲ್‌ನಿಂದ ಅದು ಇರಬೇಕೆಂಬ ನಿಯಮವಿದೆ.

ನಮ್ಮವರಿಗೇ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿ ಹೇಳಬೇಕು. "ಹುಬ್ಬಳ್ಳಿಯ ಸೋದರಮಾವನ ಸ್ವಿಫ್ಟ್ ಇದೆ, ಕಡಿಮೆಗೆ ಕೊಡುತ್ತಾರೆ" ಎಂದು ನಿಮ್ಮಲ್ಲಿ ಹಲವರು ಹೇಳುತ್ತೀರಿ. ಒಳ್ಳೆಯದೇ, ಮನೆಯವರ ಕಾರಿನ ಚರಿತ್ರೆ ಗೊತ್ತಿರುತ್ತದೆ. ಆದರೆ ಕೆ.ಎ. ಸಂಖ್ಯೆಯ ಕಾರನ್ನು ಮಹಾರಾಷ್ಟ್ರಕ್ಕೆ ತಂದು ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಅಲ್ಲಿಯ ಆರ್.ಟಿ.ಓ.ದಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ ತರಬೇಕು. ಹನ್ನೆರಡು ತಿಂಗಳು ಮೀರಿ ಇಡುವುದಾದರೆ ಇಲ್ಲಿ ಹೊಸ ಸಂಖ್ಯೆ ಪಡೆಯಬೇಕು, ಇಲ್ಲಿಯ ರಸ್ತೆ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಪಾಲನ್ನು ಹಿಂದಕ್ಕೆ ಕೇಳಬಹುದು, ಆದರೆ ಅದಕ್ಕೆ ಓಡಾಟವಿದೆ. ಇಷ್ಟೆಲ್ಲ ಸೇರಿಸಿದ ಮೇಲೂ ಮಾವನ ಕಾರು ಅಗ್ಗವೇ ಎಂದು ಲೆಕ್ಕ ಹಾಕಿ ನೋಡಿ.

ಕಾರಿನ ವಯಸ್ಸೂ ಮುಖ್ಯ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಯೋಗ್ಯತಾ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂ.ನಿಂದ 5,000 ರೂ.ಗೆ ಏರಿತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ರೂ. ಆಯಿತು. ದೆಹಲಿಯ ಓದುಗರು ಇನ್ನೂ ಎಚ್ಚರದಿಂದಿರಬೇಕು. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನ ಓಡಬಾರದೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2025ರಲ್ಲಿ ಅದನ್ನು ಸಡಿಲಿಸಿ, ವರ್ಷದ ಕೊನೆಗೆ ಆ ರಕ್ಷಣೆಯನ್ನು ಬಿ.ಎಸ್.4 ಮತ್ತು ಅದರ ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ಆದ್ದರಿಂದ ಅಲ್ಲಿ ಕೊಳ್ಳುವ ದಿನದ ನಿಯಮವನ್ನು ಕೇಳಿಯೇ ಮುಂದುವರಿಯಿರಿ.

ಇನ್ನು ಪೆಟ್ರೋಲು. 2025ರಿಂದ ಪಂಪುಗಳಲ್ಲಿ ಸಿಗುತ್ತಿರುವುದು ಬಹುತೇಕ ಶೇ. 20 ಎಥೆನಾಲ್ ಬೆರೆತದ್ದು. 2023ರ ಮುಂಚಿನ ಬಹಳಷ್ಟು ಕಾರುಗಳು ಅದಕ್ಕೆಂದು ತಯಾರಾದವಲ್ಲ. ಮೈಲೇಜು ಸ್ವಲ್ಪ ಇಳಿಯುತ್ತದೆ, ಕೆಲವು ರಬ್ಬರು ಭಾಗಗಳನ್ನು ಬೇಗ ಬದಲಿಸಬೇಕಾಗಬಹುದು. ಹಳೆಯ ಕಾರಿನ ಪೆಟ್ರೋಲ್ ಕೊಳವೆಗಳನ್ನು ಸರ್ವಿಸ್ ಮಾಡಿಸುವಾಗಲೆಲ್ಲ ನೋಡಿಸಿ.

ಎಲ್ಲಕ್ಕಿಂತ ದೊಡ್ಡ ಲೆಕ್ಕ

ಇಷ್ಟು ಹೊತ್ತು ದುಡ್ಡಿನ ಮಾತಾಯಿತು. ದುಡ್ಡು ಹೋದರೆ ಮತ್ತೆ ದುಡಿಯಬಹುದು. ಅಪ್ಪ ಅಮ್ಮ 'ಬೇಡ' ಎನ್ನುವಾಗ ಅವರ ಮನಸ್ಸಿನಲ್ಲಿರುವುದು ದುಡ್ಡಲ್ಲ. ರಾತ್ರಿ ಹನ್ನೊಂದಾದರೂ ನೀವು ಬಾರದಿದ್ದಾಗ ಅವರು ಬಾಲ್ಕನಿಯಿಂದ ರಸ್ತೆ ನೋಡುವುದು ಕಾರಿಗಾಗಿ ಅಲ್ಲ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮ ದೇಶದ ಐದು ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಏರ್‌ಬ್ಯಾಗ್ ಇಲ್ಲದ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ. ಅವುಗಳಲ್ಲಿ ಪೋಲೋ ಕೂಡ ಒಂದು. ಅದೇ ಪೋಲೋಗೆ ಎರಡು ಏರ್‌ಬ್ಯಾಗ್ ಇಟ್ಟು ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂತು! ಅದೇ ವರ್ಷದ ನವೆಂಬರ್‌ನಲ್ಲಿ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೂ ಸೊನ್ನೆಯೇ ಬಂತು. ಮುಂದೆ ಎರಡು ಏರ್‌ಬ್ಯಾಗ್ ಇರಬೇಕೆಂಬ ನಿಯಮ ಎಲ್ಲ ಹೊಸ ಕಾರುಗಳಿಗೂ ಅನ್ವಯವಾದದ್ದು 2022ರ ಆರಂಭದಿಂದ. ಅಂದರೆ ನೀವು ನೋಡುತ್ತಿರುವ ಹಳೆಯ ಕಾರುಗಳಲ್ಲಿ ಎಷ್ಟೋ ಏರ್‌ಬ್ಯಾಗ್ ಇಲ್ಲದವು. ಒಂದೇ ವರ್ಷದ, ಒಂದೇ ಬಣ್ಣದ ಎರಡು ಸ್ವಿಫ್ಟ್‌ಗಳಲ್ಲಿ 30 ಸಾವಿರದ ವ್ಯತ್ಯಾಸವಿದ್ದು, ಹೆಚ್ಚಿನ ಬೆಲೆಯದರಲ್ಲಿ ಏರ್‌ಬ್ಯಾಗ್, ಎ.ಬಿ.ಎಸ್. ಇದ್ದರೆ ಎರಡನೆಯ ಯೋಚನೆಯೇ ಬೇಡ. ಸನ್‌ರೂಫ್ ಬಿಡಿ, ಅಲಾಯ್ ಚಕ್ರ ಬಿಡಿ, ಇವೆರಡನ್ನು ಬಿಡಬೇಡಿ. ನಮ್ಮ ಮನೆಗೆ ಕೊನೆಗೆ ಬಂದದ್ದು ಇವೆರಡೂ ಇದ್ದ 2016ರ ಬೂದು ಬಣ್ಣದ ಸ್ವಿಫ್ಟ್. ಕೆಂಪಲ್ಲ ಎಂಬ ಕೊರಗು ಮಗನಿಗೆ ಒಂದು ವಾರ ಇತ್ತು.

ಹಿಂದಿನ ಸೀಟಿನವರಿಗೂ ಬೆಲ್ಟ್ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರಿದ್ದದ್ದು ದುಬಾರಿ ಕಾರಿನಲ್ಲಿ. ಆದರೆ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ ಇದ್ದರು ಎಂದು ಪೊಲೀಸರು ಹೇಳಿದರು. ನಿಮ್ಮ ಕಾರಿನಲ್ಲಿ ಹಿಂದೆ ಕೂರುವವರು ನಿಮ್ಮ ಗೆಳೆಯರು, ಬೇರೆ ಮನೆಗಳ ಮಕ್ಕಳು. ಬೆಲ್ಟ್ ಹಾಕುವ ತನಕ ಗಾಡಿ ಕದಲಿಸುವುದಿಲ್ಲ ಎಂದು ಹೇಳುವ ಹಕ್ಕು ಸ್ಟೀರಿಂಗ್ ಹಿಡಿದವರಿಗಿದೆ. ಮಾಲೀಕರಾಗಿ ಓಡಿಸುವವರಿಗೆ 15 ಲಕ್ಷ ರೂ.ಗಳ ಕಡ್ಡಾಯ ಅಪಘಾತ ವಿಮೆಯಿದೆ, ಅದನ್ನೂ ಮಾಡಿಸಿ.

ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಕಾರುಗಳಿಗೆ ಸಮತಟ್ಟು ಭಾಗದಲ್ಲಿ 100 ಕಿ.ಮೀ., ಘಾಟಿನಲ್ಲಿ ಅದಕ್ಕಿಂತ ಕಡಿಮೆ ಮಿತಿಯಿದೆ. ನಿಮ್ಮ ಕಾರು ಅದಕ್ಕಿಂತ ಹೆಚ್ಚು ಓಡಬಲ್ಲದು, ಒಪ್ಪಿದೆ. ಆದರೆ ಚುರುಕು ಕಾರಿನ ಸೊಗಸು ಇರುವುದು ತುದಿ ವೇಗದಲ್ಲಲ್ಲ. ಹೇಳಿದ ಕಡೆ ತಿರುಗುವುದರಲ್ಲಿ, ಹೇಳಿದ ಕಡೆ ನಿಲ್ಲುವುದರಲ್ಲಿ. ಅಂಬೋಲಿ ಘಾಟಿನ ತಿರುವುಗಳಲ್ಲಿ 40ರ ವೇಗದಲ್ಲೇ ಆ ಸುಖ ಸಿಗುತ್ತದೆ. ಮೊದಲ ಮಳೆಗಾಲ ಕಳೆಯುವ ತನಕ ರಾತ್ರಿಯ ದೂರ ಪ್ರಯಾಣ ಬೇಡ. ಕಾರಿನ ಸ್ವಭಾವ ನಿಮಗೂ, ನಿಮ್ಮ ಸ್ವಭಾವ ಕಾರಿಗೂ ಅಷ್ಟರಲ್ಲಿ ತಿಳಿದಿರುತ್ತದೆ.

ಹಿರಿಯರಿಗೂ ಒಂದು ಮಾತು. ಮಕ್ಕಳು ಹಳೆಯ ಕಾರು ಬೇಕೆಂದಾಗ ಒಂದೇ ಏಟಿಗೆ ತಳ್ಳಿಹಾಕಬೇಡಿ, ಜೊತೆಗೆ ಹೋಗಿ ನೋಡಿ. ಹನ್ನೊಂದು ಕಾರು ನೋಡುವ ಹೊತ್ತಿಗೆ ನನ್ನ ಮಗ ಬೆಲೆ ಕೇಳುವುದನ್ನು, ಕಾಗದ ಓದುವುದನ್ನು, ಮನಸ್ಸು ಸೋತ ವಸ್ತುವಿಗೂ 'ಬೇಡ' ಎನ್ನುವುದನ್ನು ಕಲಿತ. ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ನಿಮಗೆ ನಾನು ಹೇಳುವುದಿಷ್ಟೇ. ಕಾಗದ ನೋಡದೆ ಟೋಕನ್ ಕೊಡಬೇಡಿ. ಒಂದೇ ದಿನದಲ್ಲಿ ನಿರ್ಧರಿಸಬೇಡಿ. "ಇವತ್ತೇ ಇನ್ನೊಬ್ಬರು ಬರುತ್ತಾರೆ" ಎಂದರೆ "ಅವರಿಗೇ ಕೊಡಿ" ಎನ್ನಿ. ಕಾರು ಬಂದ ಮೇಲೆ ಮೊದಲ ದೀರ್ಘ ಪ್ರಯಾಣ ಊರಿಗೇ ಆಗಲಿ. ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ದೇವಸ್ಥಾನದ ತನಕ ಕರೆದುಕೊಂಡು ಹೋಗಿ. ಆಕೆಗೆ ಅಶ್ವಶಕ್ತಿಯ ಲೆಕ್ಕ ತಿಳಿಯದು. ಮೊಮ್ಮಗ ಅಥವಾ ಮೊಮ್ಮಗಳು ಗಾಡಿಯನ್ನು ಹದವಾಗಿ ಓಡಿಸುತ್ತಾರೋ ಇಲ್ಲವೋ ಎಂಬುದು ಮಾತ್ರ ಐದೇ ನಿಮಿಷದಲ್ಲಿ ತಿಳಿಯುತ್ತದೆ.